ಮೂರನೇ ಕ್ಲಾಸಿನಲ್ಲಿ ಗುಂಪು ಮಾಡಿ ಲೆಕ್ಕ ಕಲಿಸುವುದು ಹೇಗೆ?

ಕ್ಲಾಸಿನಲ್ಲಿ 26 ಮಕ್ಕಳು, ಒಬ್ಬೊಬ್ಬರದು ಒಂದೊಂದು ಮಟ್ಟ, ಒಂದು ಗುಂಪಿನ ಜೊತೆ ಕೂತರೆ ಉಳಿದವರು ಗಲಾಟೆ ಮಾಡುತ್ತಾರೆ ಎಂದು ಕೇಳಿದ್ದೀರಿ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ ಟೀಚರ್. ನಾನು ಮಾಡುವುದನ್ನು ಹೇಳುತ್ತೇನೆ.

ಮಾರ್ಕು ನೋಡಿ ಗುಂಪು ಮಾಡಬೇಡಿ, ತಪ್ಪು ನೋಡಿ ಮಾಡಿ. 52ರಿಂದ 27 ಕಳೆಯಲು ಹೇಳಿ. 35 ಬರೆದ ಮಗು 2ರಿಂದ 7 ಹೋಗುವುದಿಲ್ಲ ಅಂತ 7ರಿಂದ 2 ಕಳೆದಿರುತ್ತದೆ. 24 ಬರೆದ ಮಗುವಿಗೆ ಬಹುಶಃ ದಾರಿ ಗೊತ್ತು, ಎಣಿಕೆಯಲ್ಲಿ ಎಡವಿದೆ. ಇಬ್ಬರಿಗೂ ಸಿಗುವುದು ಸೊನ್ನೆಯೇ. ಆದರೆ ಬೇಕಾದ ಪಾಠ ಬೇರೆ ಬೇರೆ ಅಲ್ವಾ?

35 ಬರೆದ ಐದಾರು ಮಂದಿಯನ್ನು ನೆಲದಲ್ಲಿ ಸುತ್ತ ಕೂರಿಸುತ್ತೇನೆ. ಹಿಡಿಸೂಡಿಯ (ಕಡ್ಡಿ ಪೊರಕೆಯ) ಕಡ್ಡಿಗಳನ್ನು ತುಂಡು ಮಾಡಿ, ಹತ್ತತ್ತರ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದೇನೆ. ಐದು ಕಟ್ಟು, ಎರಡು ಬಿಡಿ ಕಡ್ಡಿ. "ಇದರಲ್ಲಿ 27 ನನಗೆ ಕೊಡಿ" ಎನ್ನುತ್ತೇನೆ. ಎರಡು ಕಟ್ಟು ತಕ್ಷಣ ಬರುತ್ತದೆ. ಆಮೇಲೆ ಕೈ ನಿಲ್ಲುತ್ತದೆ. ಆಗ ನೀವು ಸುಮ್ನೆ ಇರಬೇಕು. ಕಷ್ಟವೇ, ಆದರೂ ಇರಿ. ಯಾರಾದರೂ ಒಬ್ಬರು ಒಂದು ಕಟ್ಟು ಬಿಚ್ಚುತ್ತಾರೆ. ಕೊಟ್ಟ ಎರಡೂ ಸೇರಿ ಐದು ಕಟ್ಟು ನಾಲ್ಕಾಗಿ, ಬಿಡಿ ಕಡ್ಡಿ 12 ಆದದ್ದನ್ನು ಅವರೇ ಕಂಡ ಮೇಲೆ ಸ್ಲೇಟಿನಲ್ಲಿ ಬರೆಸಿ.

ಎಣಿಸುವಾಗ ಮನೆಮಾತನ್ನು ತಡೆಯಬೇಡಿ. ನಮ್ಮಲ್ಲಿ ತುಳು, ಮಲಯಾಳಂ, ಕೊಂಕಣಿ, ಮರಾಠಿ ಎಲ್ಲ ಉಂಟು. ತುಳುವಿನಲ್ಲೂ ಮಲಯಾಳದಲ್ಲೂ ಹತ್ತು ಅಂದರೆ 'ಪತ್ತ್'. ಆದರೆ ಮಲಯಾಳದಲ್ಲಿ 90 'ತೊಣ್ಣೂರ್', ಕೊನೆಗೆ ನೂರು ಕೇಳಿಸುತ್ತದೆ. ಆ ಮನೆಯ ಮಗು ತೊಂಬತ್ತರ ಹತ್ತಿರ ತಡವರಿಸಿದರೆ ಲೆಕ್ಕ ಬರುವುದಿಲ್ಲ ಎಂದು ಬರೆದಿಡಬೇಡಿ.

ಗಲಾಟೆಯ ವಿಷಯ. ಉಳಿದವರಿಗೆ ಹೊಸ ಪಾಠ ಕೊಡಬೇಡಿ, ಗೊತ್ತಿರುವುದನ್ನೇ ಜೋಡಿಯಾಗಿ ಮಾಡಲಿ. ದಾಳ ಎರಡು ಸಲ ಹಾಕಿ ಎರಡಂಕಿ ಸಂಖ್ಯೆ ಮಾಡುವ ಆಟ ಸಾಕು. ಸಂಶಯ ಬಂದರೆ ಮೊದಲು ಜೊತೆಗಾರನನ್ನು ಕೇಳಬೇಕು. ಮೊದಲ ಎರಡು ವಾರ ಈ ಅಭ್ಯಾಸವನ್ನೇ ಮಾಡಿಸಿ. ಆಮೇಲೆ ದಿನಕ್ಕೆ ಒಂದೇ ಗುಂಪು, ಹತ್ತು ಹನ್ನೆರಡು ನಿಮಿಷ. ಜಾಸ್ತಿ ಬೇಡ.

ಮೊದಲ ವರ್ಷ ನಾನು ಅದೇ ಗುಂಪನ್ನು ತಿಂಗಳುಗಟ್ಟಲೆ ಇಟ್ಟೆ. ಒಬ್ಬಳು ಹುಡುಗಿ ಅಮ್ಮನ ಹತ್ತಿರ "ನಾನು ಕಡ್ಡಿಯವಳು" ಎಂದಳಂತೆ. ಅದು ಈಗಲೂ ನೋಯಿಸುತ್ತದೆ. ಈಗ ಬುಧವಾರ ಕಲಿತ ಮಗು ಬುಧವಾರವೇ ಆ ಗುಂಪಿನಿಂದ ಏಳುತ್ತದೆ. ಕಡ್ಡಿ ಡಬ್ಬ ಎಲ್ಲರ ಕೈಗೆ ಸಿಗುವಂತೆ ಕಿಟಕಿಯ ಹತ್ತಿರ ಇರುತ್ತದೆ.