ನೀಸ್‌ನಿಂದ ಎಝ್ ಹಳ್ಳಿಗೆ ಅಮ್ಮನ್ನ ಕರ್ಕೊಂಡು ಹೋಗ್ಬಹುದಾ?

ಮೇ ತಿಂಗಳಲ್ಲಿ ದಕ್ಷಿಣ ಫ್ರಾನ್ಸಿನ ನೀಸ್‌ಗೆ ಬರ್ತಿದ್ದೀನಿ, ಜೊತೆಗೆ ಅಮ್ಮ ಇರ್ತಾರೆ, ಅವ್ರಿಗೆ ಮಂಡಿ ನೋವು, ಹತ್ರದ ಬೆಟ್ಟದ ಮೇಲಿನ ಹಳೇ ಹಳ್ಳಿ ಎಝ್ ನೋಡೋಕೆ ಹೋಗ್ಬಹುದಾ ಇಲ್ಲ ಅದು ಬರೀ ಟೂರಿಸ್ಟ್ ಅಂಗಡಿಗಳ ಜಾಗನಾ ಅಂತ ಕೇಳಿದ್ದೀರ. ಖಂಡಿತ ಹೋಗಿ, ಆದ್ರೆ ಟ್ರೈನಲ್ಲಿ ಮಾತ್ರ ಹೋಗ್ಬೇಡಿ.

ನಾನು ಇಲ್ಲೇ ಹತ್ರ ಸೋಫಿಯಾ ಆಂಟಿಪೊಲಿಸ್‌ನಲ್ಲಿ ಕೆಲಸ ಮಾಡ್ತೀನಿ. ಮೊದಲ್ನೇ ಸಲ ನಾನೂ ಮ್ಯಾಪ್ ನೋಡಿ, ಸ್ಟೇಷನ್ ಹೆಸರು ಎಝ್ ಅಂತಿದೆಯಲ್ಲ ಅಂತ ಟ್ರೈನ್ ಹತ್ತಿ ಇಳಿದ್ರೆ ಸ್ಟೇಷನ್ ಇರೋದು ಸಮುದ್ರದ ದಂಡೇಲಿ, ಹಳ್ಳಿ ಇರೋದು ತಲೆ ಮೇಲೆ 400 ಮೀಟರ್‌ಗಿಂತ ಎತ್ತರದಲ್ಲಿ. ಮಧ್ಯದಲ್ಲಿರೋದು ಕಲ್ಲು ಮೆಟ್ಟಿಲಿನ ಕಡಿದಾದ ದಾರಿ, ಅದಕ್ಕೆ ಜರ್ಮನ್ ತತ್ವಜ್ಞಾನಿ ನೀಚೆಯ (Nietzsche) ಹೆಸರಿಟ್ಟಿದ್ದಾರೆ, 1883-84ರ ಚಳಿಗಾಲದಲ್ಲಿ ನೀಸ್‌ನಲ್ಲಿದ್ದಾಗ ಅವನು ಈ ದಾರಿ ಹತ್ತುತ್ತಾನೇ ತನ್ನ 'ಜರತುಷ್ಟ್ರ ಹೀಗೆ ಹೇಳಿದ' ಪುಸ್ತಕದ ಮೂರನೇ ಭಾಗದ ಒಂದು ಮುಖ್ಯ ಅಧ್ಯಾಯ ಕಟ್ಟಿದ್ದಂತೆ, ಅವನೇ ಆಮೇಲೆ ಬರ್ಕೊಂಡಿದ್ದಾನೆ. ಜುಲೈ ಬಿಸಿಲಲ್ಲಿ ಹತ್ತಿದ್ದು ನಾನು, ನೆರಳು ಕಮ್ಮಿ, ಮೇಲೆ ಮುಟ್ಟೋಷ್ಟ್ರಲ್ಲಿ ಒಂದೂವರೆ ಗಂಟೆ ಆಗಿತ್ತು. ಮಂಡಿ ನೋವಿರೋರಿಗೆ ಹತ್ತೋದೂ ಬೇಡ, ಇಳಿಯೋದಂತೂ ಬೇಡವೇ ಬೇಡ.

ನೀಸ್‌ನಿಂದ ಬಸ್ ಇದೆ, ಹಳ್ಳಿ ಬುಡದ ತನಕ ಹೋಗುತ್ತೆ. ನಮ್ಮಮ್ಮ ಬಂದಾಗ ಬಸ್ಸಲ್ಲೇ ಹೋಗಿದ್ವಿ. ಅಲ್ಲಿಂದ ಮುಂದೆ ಗಾಡಿ ಹೋಗಲ್ಲ, ಓಣಿಗಳೇ ಅಷ್ಟು ಕಿರಿದು, ಇಬ್ಬರು ಎದುರಾದ್ರೆ ಒಬ್ಬರು ಗೋಡೆಗೆ ಒತ್ಕೊಂಡು ನಿಲ್ಬೇಕು ಕೆಲವು ಕಡೆ. ಅಲ್ಲಲ್ಲಿ ಕೂತು ಸುಧಾರಿಸ್ಕೊಂಡು ನಿಧಾನಕ್ಕೆ ಹತ್ತಿದ್ರು ಅಮ್ಮ, ಚಪ್ಪಲಿ ಬೇಡ, ಹಿಡಿತ ಇರೋ ಶೂ ಹಾಕಿಸಿ, ಓಡಾಡಿ ಓಡಾಡಿ ಕಲ್ಲೆಲ್ಲ ನುಣುಪಾಗಿದೆ.

ಅಂಗಡಿ ಇರೋದು ನಿಜ, ಸೋಪು, ಸೆಂಟು, ಪೇಂಟಿಂಗು. ಅದಕ್ಕೇ ಬೆಳಿಗ್ಗೆ ಒಂಬತ್ತರೊಳಗೆ ಅಲ್ಲಿರಿ ಅಂತ ಹೇಳ್ತೀನಿ. ಪಕ್ಕದ ಕಡಲ ತೀರದ ಊರು ವಿಲ್‌ಫ್ರಾಂಶ್‌ಗೆ ದೊಡ್ಡ ಕ್ರೂಸ್ ಹಡಗು ಬಂದ ದಿನ ಹತ್ತು ಗಂಟೆ ಮೇಲೆ ಕಾಲಿಡೋಕೂ ಜಾಗ ಇರಲ್ಲ. ಅಂಗಡಿ ಬಾಗಿಲು ತೆಗೆಯೋ ಮುಂಚೆ ಹೋದ್ರೆ ಕಣ್ಣಿಗೆ ಬೀಳೋದು ಆ ಊರಿನ ಕಟ್ಟಣೆ, ಕಲ್ಲಿನ ಮನೆಗಳು ಒಂದಕ್ಕೊಂದು ಅಂಟ್ಕೊಂಡು ಬಂಡೆ ಸುತ್ತ ಸುತ್ತಿವೆ, ಹೊರಸಾಲಿನ ಮನೆಗಳ ಬೆನ್ನೇ ಊರಿನ ಕೋಟೆ ಗೋಡೆ. ಸಮುದ್ರದ ಕಡೆಯಿಂದ ಯಾರು ದಾಳಿಗೆ ಬಂದ್ರೂ ದೂರದಿಂದಲೇ ಕಾಣ್ಲಿ ಅಂತ ಜನ ಇಷ್ಟು ಎತ್ತರದಲ್ಲಿ ಸಂಸಾರ ಮಾಡಿದ್ದು. ತುದೀಲಿದ್ದ ಕೋಟೆನ 1706ರಲ್ಲಿ ಫ್ರಾನ್ಸ್ ರಾಜ ಹದಿನಾಲ್ಕನೇ ಲೂಯಿ ಕೆಡವಿಸಿಬಿಟ್ಟ, ಆಗ ಈ ಊರು ಫ್ರಾನ್ಸ್‌ದಲ್ಲ, ಸವಾಯ್ ಅನ್ನೋ ಬೇರೆ ರಾಜಮನೆತನದ್ದು, ಕಾಯಂ ಆಗಿ ಫ್ರಾನ್ಸಿಗೆ ಸೇರಿದ್ದು 1860ರಲ್ಲಿ.

ಆ ಪಾಳು ಗೋಡೆಗಳ ಮಧ್ಯೆನೇ 1949ರಲ್ಲಿ ಪಾಪಾಸುಕಳ್ಳಿ ತೋಟ ಮಾಡಿದ್ರು, ಟಿಕೆಟ್ ಇದೆ, ಕೊಟ್ಟು ಹೋಗಿ. ಎಲ್ಲಕ್ಕಿಂತ ಮೇಲೆ ನಿಂತ್ರೆ ಕೆಳಗೆ ಸಮುದ್ರಕ್ಕೆ ಚಾಚಿರೋ ಕ್ಯಾಪ್ ಫೆರಾ ಭೂಶಿರ, ನೀಲಿ ಸಮುದ್ರ, ಆಕಾಶ ತಿಳಿಯಾಗಿದ್ರೆ ದೂರದ ಕಾರ್ಸಿಕಾ ದ್ವೀಪ ಕೂಡ ಕಾಣುತ್ತೆ. ನಮ್ಮಮ್ಮ ಅಲ್ಲಿ ಒಂದು ಬೆಂಚಲ್ಲಿ ಕೂತೋರು ಎಷ್ಟೊತ್ತಾದ್ರೂ ಏಳ್ಲಿಲ್ಲ, ನಾನೂ ಏಳಿ ಅನ್ನಲಿಲ್ಲ. ಇಳಿಯೋವಾಗ ಹಳದಿ ಚರ್ಚಿಗೂ ಹೋಗಿ, ಒಳಗೆ ಪ್ರವಚನ ಪೀಠದಿಂದ ಶಿಲುಬೆ ಹಿಡಿದ ಒಂದು ಕೈ ಮಾತ್ರ ಹೊರಗೆ ಚಾಚಿದೆ, ನಂಗೆ ತುಂಬಾ ಹಿಡಿಸ್ತು.

ಮೇಲೆ ಊಟ ದುಬಾರಿ, ಅರ್ಧ ದಿನ ಸಾಕು, ಮಧ್ಯಾಹ್ನ ನೀಸ್‌ಗೆ ವಾಪಸ್ ಬಂದು ಹಳೇ ಪೇಟೇಲಿ ಸೊಕ್ಕಾ ತಿನ್ನಿ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ ಅಷ್ಟೇ, ಸೌದೆ ಒಲೇಲಿ ಬೇಯಿಸ್ತಾರೆ. ಸಸ್ಯಾಹಾರಿ ಏನು ಸಿಗುತ್ತೋ ಅಂತ ಹೆದರಿದ್ದ ನಮ್ಮಮ್ಮ ಎರಡು ಪ್ಲೇಟ್ ತಿಂದ್ರು.