ಮೋಟಾರ್ ಇಲ್ಲದೆ ಕಾರಂಜಿ ಹೇಗೆ? ಇಟಲಿಯ ತೋಟಗಳ ಬಗ್ಗೆ ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಇಟಲಿಯ ವಿಲ್ಲಾ ದೆಸ್ತೆ ತೋಟದಲ್ಲಿ 16ನೇ ಶತಮಾನದಲ್ಲೇ ನೂರಾರು ಕಾರಂಜಿಗಳಿದ್ದವಂತೆ. ಆಗ ಕರೆಂಟೇ ಇರಲಿಲ್ಲ. ಅದು ಈಗ ಯಾರಿಗೂ ಗೊತ್ತಿಲ್ಲದ ರಹಸ್ಯ ವಿದ್ಯೆ ಎನ್ನುತ್ತಾರೆ, ನಿಜವೇ?

ಉತ್ತರ: ಮತ್ತೆ ಅದೇ ಪ್ರಶ್ನೆ! ರಹಸ್ಯವೂ ಇಲ್ಲ, ಮಣ್ಣೂ ಇಲ್ಲ. ವಾಟ್ಸಾಪ್‌ನಲ್ಲಿ ಬಂದದ್ದನ್ನೆಲ್ಲ ನಂಬಬೇಡಿ. ಆ ಕಾರಂಜಿಗಳು ಇವತ್ತಿಗೂ ಪಂಪ್ ಇಲ್ಲದೆಯೇ ಚಿಮ್ಮುತ್ತಿವೆ.

ಈ ತೋಟ ಇರುವ ತಿವೊಲಿ, ರೋಮ್ ಹತ್ತಿರ ಗುಡ್ಡದ ಮೇಲಿನ ಊರು. ಪಕ್ಕದಲ್ಲೇ ಅನಿಯೆನೆ ನದಿ. 1550ರಲ್ಲಿ ಇಲ್ಲಿಗೆ ಗವರ್ನರ್ ಆಗಿ ಬಂದವನು ಕಾರ್ಡಿನಲ್, ಅಂದರೆ ಕ್ಯಾಥೊಲಿಕ್ ಚರ್ಚಿನ ಹಿರಿಯ ಧರ್ಮಗುರು, ಇಪ್ಪೊಲಿತೊ ದೆಸ್ತೆ. ಅವನಿಗಾಗಿ ತೋಟದ ನಕ್ಷೆ ಮಾಡಿದವನು ವಾಸ್ತುಶಿಲ್ಪಿ ಪಿರ್ರೊ ಲಿಗೊರಿಯೊ. ಊರಿನ ಅಡಿಯಲ್ಲೇ ಸುಮಾರು 600 ಮೀಟರ್ ಸುರಂಗ ಕೊರೆದು ನದಿ ನೀರನ್ನು ತೋಟದ ಮೇಲ್ತುದಿಗೆ ತಂದರು. ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದರು. ನಿಮ್ಮ ಮನೆ ತಾರಸಿ ಟ್ಯಾಂಕಿನ ನೀರು ಮೇಲಿನ ಮಹಡಿಗಿಂತ ಕೆಳಗಿನ ನಲ್ಲಿಯಲ್ಲಿ ಜೋರಾಗಿ ಬರುತ್ತದೆ, ಅಲ್ವಾ? ಇಲ್ಲೂ ಅಷ್ಟೇ. ಒಂದು ಕಾರಂಜಿಯಲ್ಲಿ ಬಿದ್ದ ನೀರು ಕೆಳಗಿನ ಇನ್ನೊಂದಕ್ಕೆ ಹೋಗುತ್ತದೆ. ಆದರೆ ನೀರು ತಾನು ಹೊರಟ ಮಟ್ಟಕ್ಕಿಂತ ಮೇಲೆ ಎಂದೂ ಚಿಮ್ಮುವುದಿಲ್ಲ. ಪೈಪಿನ ಉಜ್ಜಾಟಕ್ಕೆ ಆ ಎತ್ತರವೂ ಇನ್ನಷ್ಟು ತಗ್ಗುತ್ತದೆ.

ನಿಜಕ್ಕೂ ಜಾಣತನ ಇರುವುದು ಆರ್ಗನ್ ಕಾರಂಜಿಯಲ್ಲಿ. ಆರ್ಗನ್ ಎಂದರೆ ಕೊಳವೆಗಳಿಗೆ ಗಾಳಿ ತುಂಬಿ ನುಡಿಸುವ ವಾದ್ಯ. ಮುಚ್ಚಿದ ಕೋಣೆಗೆ ಧುಮುಕುವ ನೀರು ಜೊತೆಗೆ ಗಾಳಿಯನ್ನೂ ಎಳೆದು ತರುತ್ತದೆ. ಆ ಗಾಳಿ ಒತ್ತಡಕ್ಕೆ ಸಿಕ್ಕಿ ಆರ್ಗನ್ನಿನ ಕೊಳವೆಗಳಿಗೆ ನುಗ್ಗುತ್ತದೆ. ನೀರಿನಿಂದಲೇ ತಿರುಗುವ ಮೊಳೆ ಹೊಡೆದ ಉರುಳೆಯೊಂದು ಸ್ವರಗಳನ್ನು ನುಡಿಸುತ್ತದೆ.

ಇದೆಲ್ಲ ಯಾರ ತಲೆಯ ಮೇಲೆ ಬಿತ್ತು ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲ. ತೋಟದ ಜಾಗಕ್ಕಾಗಿ ಅಲ್ಲಿದ್ದ ಮನೆಗಳನ್ನು ಕೆಡವಿದರು, ಜನ ಕೋರ್ಟಿಗೂ ಹೋದರು. ಹತ್ತಿರದ ಪ್ರಾಚೀನ ರೋಮಿನ ಹೇಡ್ರಿಯನ್ ಚಕ್ರವರ್ತಿಯ ಅರಮನೆಯ ಅವಶೇಷಗಳಿಂದ ಅಮೃತಶಿಲೆ ಕಿತ್ತು ತಂದರು. ಇಷ್ಟು ಮಾಡಿಸಿದ ಕಾರ್ಡಿನಲ್ 1572ರಲ್ಲಿ ತೀರಿಕೊಂಡ.

ಪ್ರಶ್ನೆ: ನಮ್ಮ ಬೃಂದಾವನವೂ ಇಟಾಲಿಯನ್ ಶೈಲಿಯೇ?

ಉತ್ತರ: ಅಲ್ಲ. ಅದಕ್ಕೆ ಮಾದರಿ ಕಾಶ್ಮೀರದ ಶಾಲಿಮಾರ್, ಅಂದರೆ ಮೊಘಲರದು.

ಪ್ರಶ್ನೆ: ಇಟಾಲಿಯನ್ ತೋಟದಲ್ಲಿ ಹೂವೇ ಇರಬಾರದಂತೆ?

ಉತ್ತರ: ಯಾರು ಹೇಳಿದ್ದು? ಆ ಕಾಲದ ಮಡಿಗಳಲ್ಲಿ ಹೂವೂ ಇತ್ತು, ಔಷಧಿ ಗಿಡಗಳೂ ಇದ್ದವು. ಈಗ ತಿವೊಲಿಯಲ್ಲಿ ಕಾಣುವ ಎತ್ತರದ ಸೈಪ್ರಸ್ ಮರಗಳ ನೆರಳು ಆಮೇಲಿನದು. 1573ರ ಚಿತ್ರದಲ್ಲಿ ತೋಟ ಸಾಕಷ್ಟು ಬಯಲಾಗಿದೆ.

ಪ್ರಶ್ನೆ: ನಮ್ಮ 30×40 ಸೈಟಿನಲ್ಲಿ ಇಟಾಲಿಯನ್ ಗಾರ್ಡನ್ ಮಾಡಿಕೊಡುತ್ತೇನೆ ಎಂದು ಕಾಂಟ್ರಾಕ್ಟರ್ ಹೇಳುತ್ತಿದ್ದಾನೆ. ಮಾಡಿಸಲೇ?

ಉತ್ತರ: ಅವನು ತರುವುದು ಸಿಮೆಂಟಿನ ವೀನಸ್ ದೇವತೆಯ ಬೊಂಬೆ, ಪ್ಲಾಸ್ಟಿಕ್ ಬೇಲಿ, ಜೊತೆಗೆ ದೊಡ್ಡ ಬಿಲ್ಲು. ಸುಮ್ನೆ ದುಡ್ಡು ದಂಡ. ಕುಂಡದಲ್ಲಿ ಎರಡು ನಿಂಬೆಗಿಡ ಇಡಿ. ಇಟಲಿಯವರೂ ಕುಂಡದಲ್ಲೇ ಬೆಳೆಸಿ ಚಳಿಗಾಲದಲ್ಲಿ ಒಳಗಿಡುತ್ತಿದ್ದರು. ನಿಮಗೆ ಆ ಎತ್ತಾಟವೂ ಬೇಕಿಲ್ಲ.