ಅಲಿಸನ್ ವೀರ್: ಹೆಸರು ಎರಡು, ಪುಸ್ತಕ ಒಂದೇ

‘ಲ್ಯಾಂಕಾಸ್ಟರ್ ಆ್ಯಂಡ್ ಯಾರ್ಕ್’, ‘ದ ವಾರ್ಸ್ ಆಫ್ ದ ರೋಸಸ್’ ಎರಡೂ ತರಿಸಿದೆ, ಒಳಗೆ ಒಂದೇ ಇದೆ ಅಂದಿರಲ್ಲ, ಅದು ಮೋಸ ಇರಲಾರದು. ಇಂಗ್ಲೆಂಡಿನ ರಾಜರಾಣಿಯರ ಬಗ್ಗೆ ಬರೆಯುವ ಅಲಿಸನ್ ವೀರ್ ಅವರ ಎಷ್ಟೋ ಪುಸ್ತಕಗಳಿಗೆ ಬ್ರಿಟನ್ನಿನಲ್ಲಿ ಒಂದು ಹೆಸರು, ಅಮೆರಿಕದಲ್ಲಿ ಇನ್ನೊಂದು. ಬ್ರಿಟನ್ನಿನ ‘ಎಲಿಜಬೆತ್ ದ ಕ್ವೀನ್’ ಅಮೆರಿಕದಲ್ಲಿ ‘ದ ಲೈಫ್ ಆಫ್ ಎಲಿಜಬೆತ್ ದ ಫಸ್ಟ್’.

ಮೊದಲು ಕಾಪಿರೈಟ್ ಪುಟ ನೋಡಿ. ಹಿಂದೆ ಯಾವ ಹೆಸರಲ್ಲಿ ಬಂದಿತ್ತು ಅಂತ ಸಾಮಾನ್ಯವಾಗಿ ಅಲ್ಲೇ ಸಣ್ಣಕ್ಷರದಲ್ಲಿ ಇರುತ್ತದೆ. ಖಾತ್ರಿಯಾದರೆ ಒಂದನ್ನು ವಾಪಸ್ ಮಾಡಿ. ಅಂಗಡಿಯವರು ತಗೊಳ್ತಾರಾ ಅನ್ನೋದು ಮಾತ್ರ ನಾನು ಹೇಳಲಾರೆ.

ಆಮೇಲೆ ಕಾದಂಬರಿಗಳನ್ನು ಬೇರೆ ಇಡಿ. ಅವರ ಮೊದಲ ಪುಸ್ತಕ 1989ರದ್ದು, ಮೊದಲ ಕಾದಂಬರಿ ‘ಇನ್ನೊಸೆಂಟ್ ಟ್ರೇಟರ್’ 2006ರದ್ದು. ಅದಕ್ಕಿಂತ ಹಿಂದಿನವೆಲ್ಲ ಇತಿಹಾಸ. ನಂತರದವಾದರೆ ಮುಖಪುಟದಲ್ಲಿ ‘ನಾವೆಲ್’ ಅಂತಿದೆಯಾ ನೋಡಿಕೊಳ್ಳಿ. ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಯ ಆರು ರಾಣಿಯರ ಮೇಲಂತೂ ಎರಡೂ ಇವೆ, ಜಾಸ್ತಿ ಎಡವಟ್ಟಾಗೋದೇ ಅಲ್ಲಿ. 1991ರ ‘ದ ಸಿಕ್ಸ್ ವೈವ್ಸ್ ಆಫ್ ಹೆನ್ರಿ ದ ಏಯ್ತ್’ ಇತಿಹಾಸ, 2016ರಿಂದ ಬಂದ ‘ಸಿಕ್ಸ್ ಟ್ಯೂಡರ್ ಕ್ವೀನ್ಸ್’ ಕಾದಂಬರಿ ಮಾಲೆ.

‘ದ ಪ್ರಿನ್ಸಸ್ ಇನ್ ದ ಟವರ್’ ಈಗಲೇ ಬೇಡ. ಲಂಡನ್ ಟವರ್ ಕೋಟೆಯಲ್ಲಿ ಕಾಣೆಯಾದ ಇಬ್ಬರು ರಾಜಕುಮಾರರನ್ನು ಕೊಲ್ಲಿಸಿದ್ದು ಅವರ ಚಿಕ್ಕಪ್ಪ, ದೊರೆ ಮೂರನೇ ರಿಚರ್ಡನೇ ಅಂತ ಅವರು ಕಡ್ಡಿ ಮುರಿದಂತೆ ಹೇಳುತ್ತಾರೆ, ಆ ಜಗಳ ಇನ್ನೂ ಮುಗಿದಿಲ್ಲ. ನಿಮ್ಮ ಕೈಲಿರುವ ‘ಲ್ಯಾಂಕಾಸ್ಟರ್’ ಮುಗಿಸಿ, ನೇರ 1991ರದ್ದಕ್ಕೆ ಹೋಗಿ.